ಎಂಬಿಎಗೆ ಎಲ್ಲಿ ಸೇರಬೇಕು? ‘ಮಾನ್ಯತೆ’ ಎಂಬ ಒಂದೇ ಪದದೊಳಗಿನ ನಾಲ್ಕು ಸಂಗತಿಗಳು

ಪದವಿಯ ಕೊನೆಯ ಸೆಮಿಸ್ಟರಿನ ಪರೀಕ್ಷೆ ಮುಗಿಯುತ್ತಿದ್ದಂತೆ ನಮ್ಮ ವಾಣಿಜ್ಯ ವಿಭಾಗದ ಕೊಠಡಿಗೆ ಬರುವ ವಿದ್ಯಾರ್ಥಿಗಳ ಕೈಯಲ್ಲಿ ನಾಲ್ಕೈದು ಕರಪತ್ರಗಳು ಇದ್ದೇ ಇರುತ್ತವೆ. ಒಂದರಲ್ಲಿ ‘ಸರ್ಕಾರದಿಂದ ಮಾನ್ಯತೆ ಪಡೆದ ಸಂಸ್ಥೆ’ ಎಂದಿದ್ದರೆ ಮತ್ತೊಂದರಲ್ಲಿ ‘ಎಐಸಿಟಿಇ ಮಾನ್ಯತೆ’, ಇನ್ನೊಂದರಲ್ಲಿ ‘ನ್ಯಾಕ್ ಮಾನ್ಯತೆ, ಎ ಶ್ರೇಣಿ’ ಎಂದಿರುತ್ತದೆ. ಎಲ್ಲವೂ ಮಾನ್ಯತೆ ಪಡೆದವುಗಳೇ ಆಗಿರುವಾಗ ಶುಲ್ಕ ಕಡಿಮೆ ಇರುವ ಕಡೆಗೋ, ಊರಿಗೆ ಹತ್ತಿರವಿರುವ ಕಡೆಗೋ ಸೇರಿಬಿಟ್ಟರೆ ಆಗದೇ ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದಿರುವುದಕ್ಕೆ ಕಾರಣ ನಮ್ಮ ಭಾಷೆಯ ಬಳಕೆಯಲ್ಲೇ ಇದೆ. ಪದವಿ ಕೊಡುವ ಕಾನೂನುಬದ್ಧ ಅಧಿಕಾರ, ಕೋರ್ಸ್ ನಡೆಸಲು ಸಿಕ್ಕ ಅನುಮೋದನೆ, ವಿಶ್ವವಿದ್ಯಾಲಯದೊಡನೆ ಇರುವ ಸಂಯೋಜನೆ, ಗುಣಮಟ್ಟದ ಮೌಲ್ಯಾಂಕನ ಈ ನಾಲ್ಕನ್ನೂ ನಾವು ‘ಮಾನ್ಯತೆ’ ಎಂಬ ಒಂದೇ ಪದದಿಂದ ಕರೆಯುತ್ತೇವೆ. ಇವುಗಳಲ್ಲಿ ಒಂದಿದ್ದ ಮಾತ್ರಕ್ಕೆ ಇನ್ನೊಂದು ಇದೆಯೆಂದು ಅರ್ಥವಲ್ಲ. ಆದ್ದರಿಂದ ಎರಡು ಕಾಲೇಜುಗಳನ್ನು ಹೋಲಿಸುವ ಮೊದಲು, ಎರಡೂ ಕಡೆ ಯಾವ ಬಗೆಯ ಮಾನ್ಯತೆಯ ಮಾತು ನಡೆದಿದೆ ಎಂಬುದನ್ನು ಬಿಡಿಸಿಕೊಳ್ಳಬೇಕು.

ಮೊದಲು ಕೇಳಬೇಕಾದ್ದು: ಪ್ರಮಾಣಪತ್ರದ ಮೇಲೆ ಯಾರ ಮುದ್ರೆ?

ಭಾರತದಲ್ಲಿ ‘ಪದವಿ’ ಎಂಬ ಹೆಸರಿನಲ್ಲಿ ಪ್ರಮಾಣಪತ್ರ ಕೊಡುವ ಹಕ್ಕು ಎಲ್ಲರಿಗೂ ಇಲ್ಲ. 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 22ನೇ ಸೆಕ್ಷನ್ನಿನ ಪ್ರಕಾರ, ಸಂಸತ್ತಿನ ಅಥವಾ ರಾಜ್ಯ ಶಾಸನಸಭೆಯ ಕಾಯ್ದೆಯಿಂದ ಸ್ಥಾಪನೆಯಾದ ವಿಶ್ವವಿದ್ಯಾಲಯಗಳು, ಅದೇ ಕಾಯ್ದೆಯ 3ನೇ ಸೆಕ್ಷನ್ನಿನಡಿ ಡೀಮ್ಡ್ (ವಿಶ್ವವಿದ್ಯಾಲಯಕ್ಕೆ ಸಮಾನ) ಎಂದು ಘೋಷಿತವಾದ ಸಂಸ್ಥೆಗಳು ಮತ್ತು ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳು ಮಾತ್ರ ಪದವಿ ನೀಡಬಹುದು. ಯಾವುದೇ ಕರಪತ್ರ ಕೈಗೆ ಬಂದರೂ ಮೊದಲು ಕೇಳಬೇಕಾದ ಪ್ರಶ್ನೆ ಇದರಿಂದಲೇ ಹುಟ್ಟುತ್ತದೆ: ಎರಡು ವರ್ಷದ ನಂತರ ನನಗೆ ಸಿಗುವ ಪ್ರಮಾಣಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಇರುತ್ತದೆ? ಇದಕ್ಕೆ ನೇರವಾದ ಉತ್ತರ ಸಿಗದಿದ್ದರೆ ಉಳಿದ ಯಾವ ಹೋಲಿಕೆಯೂ ಬೇಕಾಗುವುದಿಲ್ಲ.

ಈ ಪ್ರಶ್ನೆಯನ್ನು ತಡವಾಗಿ ಕೇಳಿದವರಿಗೆ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲಸ ಮಾಡುತ್ತಲೇ ಎಂಬಿಎ ಓದಬೇಕೆಂದು ತಾಲ್ಲೂಕು ಕೇಂದ್ರದ ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಒಂದು ಅಧ್ಯಯನ ಕೇಂದ್ರಕ್ಕೆ ಸೇರಿಕೊಂಡಿದ್ದ. ಕೇಂದ್ರದ ಗೋಡೆಯ ಮೇಲೆ ಚೌಕಟ್ಟು ಹಾಕಿದ ಎರಡು ಪ್ರಮಾಣಪತ್ರಗಳಿದ್ದವು. ಒಂದು ಐಎಸ್‌ಒ 9001 ಪ್ರಮಾಣಪತ್ರ, ಇನ್ನೊಂದು ಟ್ರಸ್ಟಿನ ನೋಂದಣಿ ಪತ್ರ. ಕೊನೆಗೆ ಅವನ ಕೈಗೆ ಬಂದ ಅಂಕಪಟ್ಟಿ ಬೇರೆ ರಾಜ್ಯದ ಒಂದು ವಿಶ್ವವಿದ್ಯಾಲಯದ್ದಾಗಿತ್ತು. ಆ ವಿಶ್ವವಿದ್ಯಾಲಯಕ್ಕೆ ನಮ್ಮ ರಾಜ್ಯದಲ್ಲಿ ದೂರಶಿಕ್ಷಣ ಕೇಂದ್ರ ನಡೆಸುವ ಅನುಮತಿಯೇ ಇರಲಿಲ್ಲ. ಬಡ್ತಿಗಾಗಿ ಅವನು ಅದನ್ನು ಕಚೇರಿಗೆ ಸಲ್ಲಿಸಿದಾಗ ಪರಿಶೀಲನೆಯಲ್ಲಿ ತಿರಸ್ಕೃತವಾಯಿತು. ಐಎಸ್‌ಒ ಪ್ರಮಾಣಪತ್ರ ಒಂದು ಕಚೇರಿಯ ಕಾರ್ಯವಿಧಾನವನ್ನು ಕುರಿತದ್ದು, ಟ್ರಸ್ಟಿನ ನೋಂದಣಿ ಆ ಟ್ರಸ್ಟ್ ಅಸ್ತಿತ್ವದಲ್ಲಿದೆ ಎಂಬುದನ್ನಷ್ಟೇ ಹೇಳುತ್ತದೆ. ಎರಡರಲ್ಲೂ ಸರ್ಕಾರಿ ಲಾಂಛನವನ್ನು ಹೋಲುವ ಮುದ್ರೆಗಳಿದ್ದವು, ಆದರೆ ಪದವಿಗೂ ಅವುಗಳಿಗೂ ಸಂಬಂಧವೇ ಇರಲಿಲ್ಲ. ಅವನು ಕಳೆದುಕೊಂಡ ಹಣಕ್ಕಿಂತ ಆ ಎರಡು ವರ್ಷಗಳ ರಾತ್ರಿಗಳನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಯುಜಿಸಿ ತನ್ನ ಜಾಲತಾಣದಲ್ಲಿ ಅಧಿಕೃತ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಪ್ರಕಟಿಸುತ್ತದೆ. ನಕಲಿಗಳ ಪಟ್ಟಿಯಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆಯ ಗೋಕಾಕದ ವಿಳಾಸವೊಂದು ಹಲವು ವರ್ಷಗಳ ಕಾಲ ಇತ್ತು ಎಂಬುದನ್ನು ಗಮನಿಸಿದರೆ, ಇದು ದೂರದ ಯಾವುದೋ ರಾಜ್ಯದ ಸಮಸ್ಯೆ ಎಂಬ ಭಾವನೆ ಹೋಗುತ್ತದೆ. ‘ಹತ್ತು ದಿನಗಳ ಎಂಬಿಎ’ ಎಂಬ ಹೆಸರಿನ ಕಿರು ಕೋರ್ಸುಗಳ ವಿರುದ್ಧ 2024ರಲ್ಲಿ ಯುಜಿಸಿ ಬಹಿರಂಗವಾಗಿ ಎಚ್ಚರಿಸಬೇಕಾಯಿತು.

ಅನುಮೋದನೆ ಮತ್ತು ಸಂಯೋಜನೆ

ಎಐಸಿಟಿಇ, ಅಂದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, 1945ರಲ್ಲಿ ಸಲಹಾ ಮಂಡಳಿಯಾಗಿ ಆರಂಭವಾಗಿ 1987ರ ಕಾಯ್ದೆಯಿಂದ ಶಾಸನಬದ್ಧ ಸಂಸ್ಥೆಯಾಯಿತು. ಅದು ಪದವಿ ಕೊಡುವುದಿಲ್ಲ. ಇಂಥ ಕಾಲೇಜು, ಇಂಥ ಕೋರ್ಸನ್ನು, ಇಷ್ಟು ಸೀಟುಗಳೊಂದಿಗೆ ನಡೆಸಬಹುದು ಎಂದು ಅನುಮೋದಿಸುತ್ತದೆ. ಆ ಅನುಮೋದನೆಯ ವಿಸ್ತರಣಾ ಪತ್ರವನ್ನು ಕಾಲೇಜಿನ ಜಾಲತಾಣದಲ್ಲಿ ಹುಡುಕಿ ತೆಗೆದು ಒಮ್ಮೆ ಕಣ್ಣಾರೆ ಓದಬೇಕೆಂದು ನಾನು ಪ್ರತಿ ವಿದ್ಯಾರ್ಥಿಗೂ ಹೇಳುತ್ತೇನೆ. ಪತ್ರದ ಮೇಲ್ಭಾಗದಲ್ಲಿ ಯಾವ ಶೈಕ್ಷಣಿಕ ವರ್ಷಕ್ಕೆ ಎಂಬುದಿರುತ್ತದೆ. ಕೆಳಗಿನ ಕೋಷ್ಟಕದಲ್ಲಿ ಕೋರ್ಸಿನ ಹೆಸರು, ಸಂಯೋಜನೆ ನೀಡಿದ ವಿಶ್ವವಿದ್ಯಾಲಯದ ಹೆಸರು, ಹಿಂದಿನ ವರ್ಷದ ಸೀಟುಗಳು, ಈ ವರ್ಷದ ಸೀಟುಗಳು ಸಾಲಾಗಿ ಇರುತ್ತವೆ. ಕರಪತ್ರದಲ್ಲಿ 180 ಸೀಟು ಎಂದಿದ್ದು ಪತ್ರದಲ್ಲಿ 120 ಎಂದಿದ್ದರೆ ಉಳಿದ 60 ಮಂದಿಯನ್ನು ಯಾವ ಲೆಕ್ಕದಲ್ಲಿ ಸೇರಿಸಿಕೊಳ್ಳುತ್ತೀರಿ ಎಂದು ಕೇಳುವ ಹಕ್ಕು ವಿದ್ಯಾರ್ಥಿಗೆ ಇದೆ. ಪತ್ರ ಎರಡು ವರ್ಷ ಹಳೆಯದಾಗಿದ್ದರೆ ಈ ವರ್ಷದ್ದನ್ನು ತೋರಿಸಿ ಎಂದು ಕೇಳಬೇಕು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ವಿಶ್ವವಿದ್ಯಾಲಯ ತನ್ನದೇ ಆವರಣದಲ್ಲಿ ನಡೆಸುವ ವಿಭಾಗಕ್ಕೆ ಎಐಸಿಟಿಇ ಪೂರ್ವಾನುಮೋದನೆ ಕಡ್ಡಾಯವಲ್ಲ ಎಂದು ಭಾರತಿದಾಸನ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೌಸಾಳಿ ಸಂಸ್ಥೆಯಂಥ, ಮೈಸೂರಿನ ಮಾನಸಗಂಗೋತ್ರಿಯ ಬಹದ್ದೂರ್ ಸಂಸ್ಥೆಯಂಥ ವಿಶ್ವವಿದ್ಯಾಲಯದ ಸ್ವಂತ ವಿಭಾಗಗಳನ್ನು ‘ಅಲ್ಲಿ ಎಐಸಿಟಿಇ ಪತ್ರ ಇದೆಯೇ’ ಎಂಬ ಒಂದೇ ಅಳತೆಗೋಲಿನಿಂದ ತೂಗಬಾರದು. ಪೂರ್ವಾನುಮೋದನೆಯ ಪ್ರಶ್ನೆ ಗಂಭೀರವಾಗುವುದು ಖಾಸಗಿ ಕಾಲೇಜುಗಳಲ್ಲಿ ಮತ್ತು ಪಿಜಿಡಿಎಂ (ನಿರ್ವಹಣಾಶಾಸ್ತ್ರದ ಸ್ನಾತಕೋತ್ತರ ಡಿಪ್ಲೊಮಾ) ನಡೆಸುವ ಸ್ವತಂತ್ರ ಸಂಸ್ಥೆಗಳಲ್ಲಿ.

ಬಿಬಿಎಗೆ ಸೇರಬೇಕೆಂದಿರುವ ಪಿಯುಸಿ ವಿದ್ಯಾರ್ಥಿಗಳಿಗೂ ಈಗ ಇದು ಅನ್ವಯಿಸುತ್ತದೆ. 2024–25ರ ಶೈಕ್ಷಣಿಕ ವರ್ಷದಿಂದ ಬಿಬಿಎ, ಬಿಎಂಎಸ್ ಮತ್ತು ಬಿಸಿಎ ಕೋರ್ಸುಗಳನ್ನೂ ಎಐಸಿಟಿಇ ತನ್ನ ವ್ಯಾಪ್ತಿಗೆ ತಂದುಕೊಂಡಿದೆ. ಅದುವರೆಗೆ ವಿಶ್ವವಿದ್ಯಾಲಯದ ಸಂಯೋಜನೆ ಇದ್ದರೆ ಸಾಕಾಗುತ್ತಿದ್ದ ಎಷ್ಟೋ ಪದವಿ ಕಾಲೇಜುಗಳು ಹೊಸದಾಗಿ ಅನುಮೋದನೆ ಪಡೆಯಬೇಕಾಗಿ ಬಂತು.

ಸಂಯೋಜನೆಯ ವಿಚಾರವನ್ನು ಹೆಚ್ಚು ಬೆಳೆಸಬೇಕಿಲ್ಲ. ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆಯೋ ಆ ವಿಶ್ವವಿದ್ಯಾಲಯವೇ ಪಠ್ಯಕ್ರಮವನ್ನೂ ಪರೀಕ್ಷೆಯನ್ನೂ ನಡೆಸಿ ಪದವಿ ಕೊಡುತ್ತದೆ. ಕಾಲೇಜು ಸ್ವಾಯತ್ತವಾಗಿದ್ದರೆ ಪಠ್ಯಕ್ರಮ ಮತ್ತು ಪರೀಕ್ಷೆ ಅದರದ್ದಾದರೂ ಪದವಿ ವಿಶ್ವವಿದ್ಯಾಲಯದ ಹೆಸರಿನಲ್ಲೇ ಬರುತ್ತದೆ. ನಮ್ಮಲ್ಲಿ ಎಂಬಿಎ ನಡೆಸುವ ಬಹಳಷ್ಟು ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸೇರಿದವು. ಉಳಿದವು ಆಯಾ ಪ್ರದೇಶದ ವಿಶ್ವವಿದ್ಯಾಲಯಗಳಿಗೆ ಸೇರಿರುತ್ತವೆ. ಪರೀಕ್ಷೆಗಳ ವೇಳಾಪಟ್ಟಿ, ಫಲಿತಾಂಶ ಬರುವ ವೇಗ, ಅಂಕಪಟ್ಟಿ ಕೈಸೇರುವ ಸಮಯ ಇವೆಲ್ಲ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬದಲಾಗುತ್ತವೆ. ಫಲಿತಾಂಶ ತಡವಾದ್ದರಿಂದ ಕೈಗೆ ಬಂದಿದ್ದ ಕೆಲಸದ ಆದೇಶ ತಪ್ಪಿಹೋದ ವಿದ್ಯಾರ್ಥಿಗಳನ್ನು ನಾನು ಕಂಡಿರುವುದರಿಂದ, ಹಿಂದಿನ ವರ್ಷದ ಕೊನೆಯ ಸೆಮಿಸ್ಟರಿನ ಫಲಿತಾಂಶ ಯಾವ ತಿಂಗಳಲ್ಲಿ ಬಂತು ಎಂದು ಹಿರಿಯ ವಿದ್ಯಾರ್ಥಿಗಳನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ನ್ಯಾಕ್ ಶ್ರೇಣಿ ಯಾರಿಗೆ ಸಿಕ್ಕದ್ದು?

ಅಧಿಕಾರ, ಅನುಮೋದನೆ, ಸಂಯೋಜನೆ ಮೂರೂ ಸರಿಯಿವೆ ಎಂದಾದ ಮೇಲೆ ಗುಣಮಟ್ಟದ ಹೋಲಿಕೆಗೆ ಬರಬಹುದು. ನನ್ನ ಅನುಭವದಲ್ಲಿ ವಿದ್ಯಾರ್ಥಿಗಳೂ ಪೋಷಕರೂ ಹೆಚ್ಚು ಎಡವುವುದು ಇಲ್ಲೇ.

ನ್ಯಾಕ್, ಅಂದರೆ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು, 1994ರಲ್ಲಿ ಸ್ಥಾಪನೆಯಾದದ್ದು. ಅದರ ಪ್ರಧಾನ ಕಚೇರಿ ಬೆಂಗಳೂರಿನ ನಾಗರಭಾವಿಯಲ್ಲಿದೆ. ಅದು ಗರಿಷ್ಠ ನಾಲ್ಕು ಅಂಕಗಳ ಮಾಪಕದಲ್ಲಿ ಸಂಸ್ಥೆಯನ್ನು ಅಳೆದು ಶ್ರೇಣಿ ಕೊಡುತ್ತ ಬಂದಿದೆ. 3.51ರಿಂದ 4ರವರೆಗೆ ಎ++, 3.26ರಿಂದ 3.50ರವರೆಗೆ ಎ+, 3.01ರಿಂದ 3.25ರವರೆಗೆ ಎ, 2.76ರಿಂದ 3ರವರೆಗೆ ಬಿ++, 2.51ರಿಂದ 2.75ರವರೆಗೆ ಬಿ+, 2.01ರಿಂದ 2.50ರವರೆಗೆ ಬಿ, 1.51ರಿಂದ 2ರವರೆಗೆ ಸಿ. 1.50 ಅಥವಾ ಅದಕ್ಕಿಂತ ಕಡಿಮೆ ಬಂದರೆ ಡಿ, ಅಂದರೆ ಮಾನ್ಯತೆ ಇಲ್ಲ. ಹೀಗಿರುವುದರಿಂದ 3.25 ಪಡೆದ ಕಾಲೇಜಿಗೆ ಎ ಶ್ರೇಣಿ, 3.26 ಪಡೆದದ್ದಕ್ಕೆ ಎ+ ಶ್ರೇಣಿ ಸಿಗುತ್ತದೆ. ಇವೆರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ 2.55 ಮತ್ತು 3.40ರ ನಡುವೆ ಖಂಡಿತ ಇದೆ. ಆದ್ದರಿಂದ ಅಕ್ಷರಕ್ಕಿಂತ ಅಂಕಿಯನ್ನು ನೋಡಬೇಕು. ಸಾಮಾನ್ಯವಾಗಿ ಶ್ರೇಣಿಯ ಅವಧಿ ಐದು ವರ್ಷ. ಅವಧಿ ಮುಗಿದ ಮೇಲೂ ಫಲಕದ ಮೇಲೆ ಅಕ್ಷರ ಹಾಗೇ ಉಳಿದಿರುವುದು ಅಪರೂಪವಲ್ಲದ್ದರಿಂದ ಪ್ರಮಾಣಪತ್ರದ ದಿನಾಂಕವನ್ನೂ ನೋಡಬೇಕು.

ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ ನ್ಯಾಕ್ ಅಳೆಯುವುದು ಇಡೀ ಸಂಸ್ಥೆಯನ್ನೇ ಹೊರತು ಎಂಬಿಎ ವಿಭಾಗವನ್ನಲ್ಲ. ಎಪ್ಪತ್ತು ವರ್ಷಗಳ ಒಂದು ಕಾಲೇಜಿಗೆ ಎ+ ಶ್ರೇಣಿ ಬಂದಿರುವುದು ಅಲ್ಲಿನ ರಸಾಯನವಿಜ್ಞಾನದ ಸಂಶೋಧನೆಯಿಂದ, ಕನ್ನಡ ವಿಭಾಗದ ಪ್ರಕಟಣೆಗಳಿಂದ, ಸೊಗಸಾದ ಆಟದ ಮೈದಾನದಿಂದ ಆಗಿರಬಹುದು. ಅದೇ ಆವರಣದಲ್ಲಿ ಮೂರು ವರ್ಷದ ಹಿಂದೆ ಶುರುವಾದ ಎಂಬಿಎ ವಿಭಾಗದಲ್ಲಿ ಇಬ್ಬರು ಪೂರ್ಣಾವಧಿ ಅಧ್ಯಾಪಕರಷ್ಟೇ ಇರಬಹುದು. ಇದಕ್ಕೆ ವಿರುದ್ಧವಾದದ್ದೂ ಉಂಟು. ಆರು ವರ್ಷವೂ ತುಂಬಿರದ, ಎರಡು ತಂಡಗಳೂ ಪದವಿ ಮುಗಿಸಿರದ ಸಂಸ್ಥೆ ನ್ಯಾಕ್ ಮೌಲ್ಯಾಂಕನಕ್ಕೆ ಅರ್ಹವೇ ಅಲ್ಲ. ಹಾಗಾಗಿ ಹೊಸ ಸಂಸ್ಥೆಗೆ ಶ್ರೇಣಿ ಇಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಬಾರದು.

ಕೋರ್ಸನ್ನೇ ಅಳೆಯುವ ಸಂಸ್ಥೆ ಎನ್‌ಬಿಎ, ಅಂದರೆ ರಾಷ್ಟ್ರೀಯ ಮಾನ್ಯತಾ ಮಂಡಳಿ. ಎಐಸಿಟಿಇ 1994ರಲ್ಲಿ ಸ್ಥಾಪಿಸಿದ ಈ ಮಂಡಳಿ 2010ರಲ್ಲಿ ಸ್ವಾಯತ್ತವಾಯಿತು. ಇದು ಎಂಬಿಎ ಮತ್ತು ಪಿಜಿಡಿಎಂ ಕೋರ್ಸುಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಿ ಮೂರು ಅಥವಾ ಆರು ವರ್ಷಗಳ ಅವಧಿಗೆ ಮಾನ್ಯತೆ ಕೊಡುತ್ತದೆ. ನನ್ನ ತೀರ್ಮಾನದಲ್ಲಿ ಎಂಬಿಎ ಆಯ್ಕೆಗೆ ನ್ಯಾಕ್ ಶ್ರೇಣಿಗಿಂತ ಎನ್‌ಬಿಎ ಮಾನ್ಯತೆ ಹೆಚ್ಚು ಉಪಯುಕ್ತ. ಇಲ್ಲೂ ಒಂದು ಎಚ್ಚರಿಕೆ ಬೇಕು. ಎಂಜಿನಿಯರಿಂಗ್ ಕಾಲೇಜಿನ ದ್ವಾರದ ಮೇಲೆ ‘ಎನ್‌ಬಿಎ ಮಾನ್ಯತೆ ಪಡೆದ ಕಾಲೇಜು’ ಎಂದು ಬರೆದಿದ್ದರೆ ಅದು ಅಲ್ಲಿನ ಮೆಕ್ಯಾನಿಕಲ್ ಅಥವಾ ಸಿವಿಲ್ ವಿಭಾಗಕ್ಕೆ ಸಿಕ್ಕದ್ದಾಗಿರಬಹುದು. ಎನ್‌ಬಿಎ ಜಾಲತಾಣದಲ್ಲಿ ಕಾಲೇಜಿನ ಹೆಸರು ಹುಡುಕಿದರೆ ಯಾವ ಕೋರ್ಸಿಗೆ, ಯಾವ ವರ್ಷದವರೆಗೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಯಾವ ಮೌಲ್ಯಾಂಕನವೂ ಮನುಷ್ಯರೇ ಮಾಡುವಂಥದ್ದು ಎಂಬುದನ್ನೂ ಮರೆಯಬಾರದು. 2025ರ ಫೆಬ್ರುವರಿಯಲ್ಲಿ ನ್ಯಾಕ್ ಪರಿಶೀಲನಾ ತಂಡವೊಂದರ ಸದಸ್ಯರನ್ನು ಲಂಚದ ಆರೋಪದ ಮೇಲೆ ಸಿಬಿಐ ಬಂಧಿಸಿತು. ನಮ್ಮಂಥ ಅಧ್ಯಾಪಕರಿಗೆ ಅದು ತೀವ್ರ ನೋವು ತಂದ ಸುದ್ದಿ, ಏಕೆಂದರೆ ಪರಿಶೀಲನೆಗೆ ಮುಂಚಿನ ತಿಂಗಳುಗಳಲ್ಲಿ ಪ್ರಾಮಾಣಿಕವಾಗಿ ದಾಖಲೆ ಜೋಡಿಸುವ ಸಾವಿರಾರು ಅಧ್ಯಾಪಕರ ಶ್ರಮವನ್ನೂ ಅದು ಸಂಶಯದ ನೆರಳಿಗೆ ತಳ್ಳಿತು. ಶ್ರೇಣಿಯ ಬದಲು ‘ಮಾನ್ಯತೆ ಇದೆ’ ಅಥವಾ ‘ಇಲ್ಲ’ ಎಂದಷ್ಟೇ ಹೇಳುವ ವ್ಯವಸ್ಥೆಗೆ ಸಾಗುವುದಾಗಿ ನ್ಯಾಕ್ ಅದಕ್ಕೂ ಮೊದಲೇ, 2024ರ ಜನವರಿಯಲ್ಲಿ ಪ್ರಕಟಿಸಿತ್ತು. ಆದ್ದರಿಂದ ಒಂದು ಕಾಲೇಜು ಅಕ್ಷರವನ್ನೂ ಇನ್ನೊಂದು ಕೇವಲ ‘ಮಾನ್ಯತೆ ಪಡೆದಿದೆ’ ಎಂಬ ಮಾತನ್ನೂ ತೋರಿಸಿದರೆ ಗಾಬರಿಯಾಗಬೇಕಿಲ್ಲ. ಅಂಥಲ್ಲಿ ಶ್ರೇಣಿಯ ಹಿಂದಿರುವ ದಾಖಲೆಗಳನ್ನೇ ಓದಬೇಕು.

ಕಾಲೇಜೇ ಬರೆದುಕೊಟ್ಟ ದಾಖಲೆಗಳು

ನ್ಯಾಕ್‌ಗೆ ಸಲ್ಲಿಸಿದ ಸ್ವಯಂ ಅಧ್ಯಯನ ವರದಿಯನ್ನು ಕಾಲೇಜುಗಳು ಜಾಲತಾಣದಲ್ಲಿ ಹಾಕಿರುತ್ತವೆ. ಅದು ನೂರಾರು ಪುಟಗಳದ್ದು, ಎಲ್ಲವನ್ನೂ ಓದಬೇಕಿಲ್ಲ. ಆದರೆ ಬಹುಜನರಿಗೆ ಗೊತ್ತಿಲ್ಲದ ಇನ್ನೊಂದು ದಾಖಲೆ ಇದಕ್ಕಿಂತ ಚಿಕ್ಕದು ಮತ್ತು ಹೆಚ್ಚು ಉಪಕಾರಿ. ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ರ‍್ಯಾಂಕಿಂಗಿನಲ್ಲಿ ಭಾಗವಹಿಸುವ ಸಂಸ್ಥೆಗಳು ತಾವು ಸಲ್ಲಿಸಿದ ಅಂಕಿಅಂಶಗಳ ಪ್ರತಿಯನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. 2016ರಿಂದ ಪ್ರಕಟವಾಗುತ್ತಿರುವ ಆ ರ‍್ಯಾಂಕ್ ಪಟ್ಟಿಯಲ್ಲಿ ಕಾಲೇಜಿನ ಹೆಸರು ಬರದೇ ಇದ್ದರೂ ಈ ಪ್ರತಿ ಇರಬಹುದು.

ಅದನ್ನು ತೆರೆದು ‘ಸ್ನಾತಕೋತ್ತರ, 2 ವರ್ಷದ ಕಾರ್ಯಕ್ರಮ’ ಎಂಬ ಕೋಷ್ಟಕಕ್ಕೆ ಹೋಗಿ. ಒಂದು ಸಾಲಿನಲ್ಲಿ ಪ್ರವೇಶಾತಿಯ ಮಿತಿ ಎಷ್ಟು, ನಿಜವಾಗಿ ಸೇರಿದವರು ಎಷ್ಟು, ನಿಗದಿತ ಎರಡು ವರ್ಷದಲ್ಲೇ ಉತ್ತೀರ್ಣರಾದವರು ಎಷ್ಟು, ಕೆಲಸ ಸಿಕ್ಕವರು ಎಷ್ಟು, ಅವರ ಮಧ್ಯಾಂಕ ವೇತನ ಎಷ್ಟು, ಉನ್ನತ ವ್ಯಾಸಂಗಕ್ಕೆ ಹೋದವರು ಎಷ್ಟು ಎಂಬುದೆಲ್ಲ ವರ್ಷವಾರು ಇರುತ್ತದೆ. ಕರಪತ್ರದಲ್ಲಿ ದೊಡ್ಡ ಅಕ್ಷರದಲ್ಲಿರುವ ‘ಗರಿಷ್ಠ ಪ್ಯಾಕೇಜ್’ ಒಬ್ಬ ವಿದ್ಯಾರ್ಥಿಯದ್ದು. ಮಧ್ಯಾಂಕ ವೇತನ ಸರಾಸರಿಯೂ ಅಲ್ಲ, ಕೆಲಸ ಸಿಕ್ಕವರನ್ನು ವೇತನದ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ಬರುವ ವಿದ್ಯಾರ್ಥಿಯ ಸಂಬಳ. ಸಾಮಾನ್ಯ ವಿದ್ಯಾರ್ಥಿ ತನಗೇನು ಸಿಗಬಹುದೆಂದು ಅಂದಾಜಿಸಲು ಇದಕ್ಕಿಂತ ಒಳ್ಳೆಯ ಅಂಕಿ ಇಲ್ಲ. ಉದಾಹರಣೆಗೆ 60 ಸೀಟಿನ ವಿಭಾಗಕ್ಕೆ 58 ಮಂದಿ ಸೇರಿ, 41 ಮಂದಿ ಎರಡು ವರ್ಷದಲ್ಲಿ ಮುಗಿಸಿ, 18 ಮಂದಿಗೆ ಕೆಲಸ ಸಿಕ್ಕಿದ್ದರೆ, ಕರಪತ್ರದ ‘ಶೇ 100 ಉದ್ಯೋಗ’ ಎಂಬ ಮಾತು ಯಾವ ಲೆಕ್ಕದಿಂದ ಬಂತೆಂದು ಪ್ರವೇಶಾತಿ ಕೊಠಡಿಯಲ್ಲಿ ಕುಳಿತು ಕೇಳಬಹುದು. ಇನ್ನು ವಿಶ್ವವಿದ್ಯಾಲಯಗಳಲ್ಲಿ ಎಲ್ಲ ಎರಡು ವರ್ಷದ ಸ್ನಾತಕೋತ್ತರ ಕೋರ್ಸುಗಳ ಲೆಕ್ಕವೂ ಒಂದೇ ಸಾಲಿನಲ್ಲಿ ಸೇರಿರುತ್ತದೆ. ಅಲ್ಲಿ ಎಂಬಿಎಗೆ ಬೇರೆ ಪಟ್ಟಿ ಕೊಡಿ ಎಂದು ವಿಭಾಗವನ್ನೇ ಕೇಳಬೇಕಾಗುತ್ತದೆ.

ಅಧ್ಯಾಪಕರ ಪಟ್ಟಿಯನ್ನೂ ನೋಡಿ. ಎಐಸಿಟಿಇ ಕಡ್ಡಾಯವಾಗಿ ಬಹಿರಂಗಪಡಿಸಲು ಹೇಳಿರುವ ವಿವರಗಳಲ್ಲಿ ಅಧ್ಯಾಪಕರ ಹೆಸರು ಮತ್ತು ವಿದ್ಯಾರ್ಹತೆಯೂ ಸೇರಿವೆ. ಆ ಪಟ್ಟಿಯನ್ನು ಹಿಡಿದು ಒಂದು ಕೆಲಸದ ದಿನ ಕಾಲೇಜಿಗೆ ಹೋಗಿ ವಿಭಾಗದಲ್ಲಿ ಅವರು ಇದ್ದಾರೆಯೇ ಎಂದು ನೋಡಿಬರುವುದು ಅಸಭ್ಯತೆಯಲ್ಲ. ನಾನು ಒಮ್ಮೆ ನನ್ನ ಅಣ್ಣನ ಮಗಳೊಡನೆ ಹಾಗೆ ಹೋಗಿದ್ದಾಗ, ಪಟ್ಟಿಯಲ್ಲಿದ್ದ ಹನ್ನೊಂದು ಹೆಸರುಗಳಲ್ಲಿ ಐದು ಬಾಗಿಲುಗಳ ಮೇಲೆ ಮಾತ್ರ ನಾಮಫಲಕಗಳಿದ್ದವು. ಗ್ರಂಥಾಲಯದಲ್ಲಿ ನಿರ್ವಹಣಾಶಾಸ್ತ್ರದ ಪುಸ್ತಕಗಳ ಹಿಂಬದಿಯ ಚೀಟಿಗಳಲ್ಲಿ ಆ ವರ್ಷದ ಒಂದೇ ಒಂದು ದಿನಾಂಕದ ಮುದ್ರೆ ಇರಲಿಲ್ಲ. ಅವಳು ಮತ್ತೊಂದು ಕಾಲೇಜನ್ನು ಆರಿಸಿಕೊಂಡಳು.

ಐದು ದಾರಿಗಳು

ಕರ್ನಾಟಕದ ವಿದ್ಯಾರ್ಥಿಯ ಮುಂದೆ ಈಗ ಮುಖ್ಯವಾಗಿ ಐದು ದಾರಿಗಳಿವೆ. ಇವು ಒಂದಕ್ಕಿಂತ ಒಂದು ಮೇಲು ಎಂಬುದಕ್ಕಿಂತ, ಯಾರಿಗೆ ಯಾವುದು ಹೊಂದುತ್ತದೆ ಎಂಬುದನ್ನು ನೋಡಬೇಕು.

ಮನೆಯ ಆರ್ಥಿಕ ಸ್ಥಿತಿ ಬಿಗಿಯಾಗಿದ್ದು ಪಿಜಿಸಿಇಟಿಯಲ್ಲಿ (ರಾಜ್ಯದ ಸ್ನಾತಕೋತ್ತರ ಸಾಮಾನ್ಯ ಪ್ರವೇಶ ಪರೀಕ್ಷೆ) ಒಳ್ಳೆಯ ರ‍್ಯಾಂಕ್ ಬರುವ ಭರವಸೆ ಇರುವವರಿಗೆ ನಾನು ಮೊದಲು ಸೂಚಿಸುವುದು ವಿಶ್ವವಿದ್ಯಾಲಯಗಳ ಸ್ವಂತ ವಿಭಾಗಗಳನ್ನು. ಅಲ್ಲಿ ಶುಲ್ಕ ಕಡಿಮೆ, ಗ್ರಂಥಾಲಯ ದೊಡ್ಡದು, ಮುಂದೆ ಪಿಎಚ್.ಡಿ. ಮಾಡುವವರಿಗೆ ಮಾರ್ಗದರ್ಶಕರು ಅಲ್ಲೇ ಸಿಗುತ್ತಾರೆ. ಕಾಯಂ ಹುದ್ದೆಗಳು ತುಂಬದೆ ಅತಿಥಿ ಉಪನ್ಯಾಸಕರ ಮೇಲೆ ನಡೆಯುವ ವಿಭಾಗಗಳೂ ಇರುವುದು ಇವುಗಳ ಕೊರತೆ. ಕ್ಯಾಂಪಸ್ ಸಂದರ್ಶನಗಳ ವಿಚಾರದಲ್ಲಿ ಬೆಂಗಳೂರಿನಿಂದ ದೂರವಿರುವ ವಿಭಾಗಗಳು ಹಿಂದುಳಿಯುವುದನ್ನೂ ಒಪ್ಪಿಕೊಳ್ಳಬೇಕು.

ಎರಡನೆಯದು ಸಂಯೋಜಿತ ಅಥವಾ ಸ್ವಾಯತ್ತ ಖಾಸಗಿ ಕಾಲೇಜುಗಳು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆಯಲ್ಲಿ ಸಿಗುವ ಸರ್ಕಾರಿ ಕೋಟಾದ ಸೀಟಿಗೂ ಆಡಳಿತ ಮಂಡಳಿಯ ಸೀಟಿಗೂ ಶುಲ್ಕದಲ್ಲಿ ಬಹಳ ಅಂತರವಿರುತ್ತದೆ. ಆದ್ದರಿಂದ ಪಿಜಿಸಿಇಟಿ ಬರೆಯದೆ ನೇರವಾಗಿ ಆಡಳಿತ ಮಂಡಳಿಯ ಸೀಟಿಗೆ ಮುಂಗಡ ಕಟ್ಟುವುದು ನನಗೆ ಸರಿಕಾಣುವುದಿಲ್ಲ. ಕನಿಷ್ಠ ಪರೀಕ್ಷೆ ಬರೆದು, ಹಂಚಿಕೆಯ ಪಟ್ಟಿಯಲ್ಲಿ ಆ ಕಾಲೇಜಿನ ಹೆಸರು ಇದೆಯೇ ಎಂದಾದರೂ ನೋಡಬೇಕು.

ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳು ಮೂರನೆಯವು. ಇವು ತಾವೇ ಪದವಿ ಕೊಡುತ್ತವೆ, ಪಠ್ಯಕ್ರಮವನ್ನು ಬೇಗ ಬದಲಿಸುತ್ತವೆ. ಬಿಸಿನೆಸ್ ಅನಲಿಟಿಕ್ಸ್‌ನಂಥ ಹೊಸ ವಿಷಯಗಳು ಇಲ್ಲಿ ಮೊದಲು ಬರುವುದೂ ನಿಜ. ಶುಲ್ಕ ಹೆಚ್ಚು. ಇಲ್ಲಿ ಪ್ರಮುಖವಾಗಿ ನೋಡಬೇಕಾದದ್ದು ಪದವಿ ಯಾವ ಆವರಣದಲ್ಲಿ ನಡೆಯುತ್ತದೆ ಎಂಬುದನ್ನು. ರಾಜ್ಯ ಕಾಯ್ದೆಯಿಂದ ಹುಟ್ಟಿದ ಖಾಸಗಿ ವಿಶ್ವವಿದ್ಯಾಲಯ ತನ್ನ ರಾಜ್ಯದ ಗಡಿ ದಾಟಿ ಕೇಂದ್ರ ತೆರೆಯಲಾಗದು, ಬೇರೆ ಕಾಲೇಜುಗಳಿಗೆ ಸಂಯೋಜನೆ ಕೊಡಲೂ ಆಗದು.

ನಾಲ್ಕನೆಯದಾದ ಐಐಎಂ (ಭಾರತೀಯ ನಿರ್ವಹಣಾ ಸಂಸ್ಥೆ) ಮತ್ತು ಪಿಜಿಡಿಎಂ ಸಂಸ್ಥೆಗಳ ವಿಷಯ ಸ್ವಲ್ಪ ಬೇರೆ. 1973ರಲ್ಲಿ ಆರಂಭವಾದ ಬೆಂಗಳೂರಿನ ಐಐಎಂ ಸಹ ದಶಕಗಳ ಕಾಲ ಕೊಡುತ್ತಿದ್ದದ್ದು ಡಿಪ್ಲೊಮಾ, ಪದವಿಯಲ್ಲ. ಐಐಎಂ ಕಾಯ್ದೆ 2018ರ ಜನವರಿ 31ರಂದು ಜಾರಿಗೆ ಬಂದ ಮೇಲೆಯೇ ಐಐಎಂಗಳಿಗೆ ಪದವಿ ಕೊಡುವ ಅಧಿಕಾರ ಬಂತು. ಉಳಿದ ಸ್ವತಂತ್ರ ಸಂಸ್ಥೆಗಳು ಇಂದಿಗೂ ಕೊಡುವುದು ಪಿಜಿಡಿಎಂ. ಉದ್ಯೋಗದಾತ ಕಂಪನಿಗಳು ಸಾಮಾನ್ಯವಾಗಿ ಎಂಬಿಎ ಮತ್ತು ಪಿಜಿಡಿಎಂ ನಡುವೆ ಭೇದ ಮಾಡುವುದಿಲ್ಲ. ಮಣಿಪಾಲದ ಟ್ಯಾಪ್ಮಿಯಂಥ ಕಡೆ ಪಿಜಿಡಿಎಂ ಓದಿದವರು ದೇಶದ ದೊಡ್ಡ ಕಂಪನಿಗಳಲ್ಲಿ ಇದ್ದಾರೆ. ಆದರೆ ಮುಂದೆ ಉಪನ್ಯಾಸಕರಾಗಬೇಕು, ಪಿಎಚ್.ಡಿ.ಗೆ ಸೇರಬೇಕು ಅಥವಾ ಸರ್ಕಾರಿ ಹುದ್ದೆಗೆ ಅರ್ಜಿ ಹಾಕಬೇಕು ಎಂದಿರುವವರು, ಆ ಪಿಜಿಡಿಎಂ ಎಂಬಿಎಗೆ ಸಮಾನವೆಂದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಒಪ್ಪಿದೆಯೇ ಎಂದು ಸೇರುವ ಮೊದಲೇ ತಿಳಿಯಬೇಕು. ಎಐಸಿಟಿಇ ಅನುಮೋದನೆ ಇದ್ದ ಮಾತ್ರಕ್ಕೆ ಆ ಸಮಾನತೆ ತಾನಾಗಿ ಬರುವುದಿಲ್ಲ.

ಕೊನೆಯದಾಗಿ ದೂರಶಿಕ್ಷಣ ಮತ್ತು ಆನ್‌ಲೈನ್. ಕೆಲಸ ಬಿಡಲಾಗದವರಿಗೆ, ಮದುವೆಯಾಗಿ ಮನೆಯ ಹೊಣೆ ಹೊತ್ತ ಹೆಣ್ಣುಮಕ್ಕಳಿಗೆ ಇದು ನಿಜವಾದ ಅವಕಾಶ. ಯುಜಿಸಿಯ 2020ರ ನಿಯಮಾವಳಿಯಂತೆ ನಡೆಯುವ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ತರಗತಿಯಲ್ಲಿ ಕುಳಿತು ಪಡೆದ ಪದವಿಗೆ ಸಮಾನ. ಆದರೆ ಇಲ್ಲಿ ಮಾನ್ಯತೆ ಎನ್ನುವುದು ಸಂಸ್ಥೆಗೆ ಒಮ್ಮೆ ಸಿಕ್ಕು ಶಾಶ್ವತವಾಗಿ ಉಳಿಯುವಂಥದ್ದಲ್ಲ. ನಮ್ಮ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕಥೆ ಎಲ್ಲರಿಗೂ ನೆನಪಿದೆ. ರಾಜ್ಯದಾಚೆ ಕೇಂದ್ರಗಳನ್ನು ತೆರೆದ ವಿವಾದದಿಂದ 2012–13ರ ನಂತರ ಅದರ ಮಾನ್ಯತೆ ಮುಂದುವರಿಯಲಿಲ್ಲ. 2018ರಲ್ಲಿ ಅದು ಮರಳಿ ದೊರೆಯುವವರೆಗೆ ನಡುವಿನ ವರ್ಷಗಳಲ್ಲಿ ಸೇರಿದವರು ಅನುಭವಿಸಿದ ಆತಂಕವನ್ನು ಪ್ರತಿ ಜಿಲ್ಲೆಯಲ್ಲೂ ಕಂಡಿದ್ದೇವೆ. ಈಗ ಆ ವಿಶ್ವವಿದ್ಯಾಲಯದ ಕೋರ್ಸುಗಳಿಗೆ ಧೈರ್ಯವಾಗಿ ಸೇರಬಹುದು ಎಂದೇ ನಾನು ಹೇಳುತ್ತೇನೆ. ಆದರೂ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) ಸೇರಿದಂತೆ ಯಾವ ಸಂಸ್ಥೆಯಾದರೂ, ಯುಜಿಸಿಯ ದೂರಶಿಕ್ಷಣ ಬ್ಯೂರೊದ (ಡಿಇಬಿ) ಜಾಲತಾಣದಲ್ಲಿ ನೀವು ಸೇರುವ ವರ್ಷಕ್ಕೆ, ನೀವು ಸೇರುವ ಅವಧಿಗೆ, ಎಂಬಿಎ ಎಂಬ ಕೋರ್ಸಿನ ಹೆಸರಿನೊಂದಿಗೆ ಪಟ್ಟಿಯಾಗಿದೆಯೇ ಎಂದು ನೋಡಲೇಬೇಕು. 2024ರಿಂದ ವಿದ್ಯಾರ್ಥಿಯೇ ಆ ಜಾಲತಾಣದಲ್ಲಿ ಡಿಇಬಿ ಐಡಿ ಪಡೆದ ಬಳಿಕವೇ ಪ್ರವೇಶಾತಿ ನಡೆಯುತ್ತದೆ. ‘ಐಡಿಯನ್ನು ಆಮೇಲೆ ಮಾಡಿಕೊಡುತ್ತೇವೆ, ಮೊದಲು ಹಣ ಕಟ್ಟಿ’ ಎನ್ನುವ ಏಜೆಂಟರಿಂದ ದೂರವಿರಿ. ಫ್ರಾಂಚೈಸಿ ಕೊಟ್ಟು ಕೋರ್ಸ್ ನಡೆಸುವುದನ್ನು ಯುಜಿಸಿ ನಿಷೇಧಿಸಿದೆ.

ವಿದೇಶದ ಯೋಚನೆ ಇರುವವರಿಗೆ

ಅಮೆರಿಕದಲ್ಲಿ 1916ರಲ್ಲಿ ಹುಟ್ಟಿದ ಎಎಸಿಎಸ್‌ಬಿ, ಯುರೋಪಿನ ಇಕ್ವಿಸ್, ಲಂಡನ್ನಿನ ಎಎಂಬಿಎ ಈ ಮೂರು ಬಿಸಿನೆಸ್ ಶಿಕ್ಷಣಕ್ಕೇ ಮೀಸಲಾದ ಅಂತರರಾಷ್ಟ್ರೀಯ ಮಾನ್ಯತೆಗಳು. ಬೆಂಗಳೂರಿನ ಐಐಎಂಗೆ ಇಕ್ವಿಸ್, ಟ್ಯಾಪ್ಮಿಗೆ ಎಎಸಿಎಸ್‌ಬಿ ದೊರೆತಿವೆ. ಇವು ಸಂಸ್ಥೆಯ ಘನತೆಯನ್ನು ಹೆಚ್ಚಿಸುತ್ತವೆ, ವಿದ್ಯಾರ್ಥಿ ವಿನಿಮಯಕ್ಕೆ ದಾರಿ ಮಾಡುತ್ತವೆ. ಆದರೆ ಭಾರತದಲ್ಲಿ ಪದವಿಯ ಸಿಂಧುತ್ವಕ್ಕೆ ಇವು ಬೇಕಿಲ್ಲ, ಇವು ಇದ್ದ ಮಾತ್ರಕ್ಕೆ ಯುಜಿಸಿ ಅಥವಾ ಎಐಸಿಟಿಇ ನಿಯಮಗಳಿಂದ ವಿನಾಯಿತಿಯೂ ಇಲ್ಲ.

ಇಲ್ಲಿ ಬಿಬಿಎ ಮುಗಿಸಿ ಹೊರಗೆ ಎಂಬಿಎ ಮಾಡಬೇಕೆನ್ನುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. 2021ರಲ್ಲಿ ನಾಲ್ಕು ವರ್ಷದ ಪದವಿಯನ್ನು ತಂದಿದ್ದ ಕರ್ನಾಟಕ, 2024ರ ಮೇ ತಿಂಗಳ ಆದೇಶದಿಂದ ಮೂರು ವರ್ಷದ ಪದವಿಗೆ ಮರಳಿದೆ. ಮೂರು ವರ್ಷದ ಪದವಿಯನ್ನು ಹೊರದೇಶಗಳು ಪೂರ್ಣ ಪದವಿಯೆಂದು ಒಪ್ಪುವುದು ಸಂಸ್ಥೆಯನ್ನು ಅವಲಂಬಿಸಿರುತ್ತದೆ. ಉತ್ತರ ಅಮೆರಿಕದಲ್ಲಿ ಪದವಿಗಳನ್ನು ತಾಳೆ ನೋಡುವ ಡಬ್ಲ್ಯುಇಎಸ್ ಸಂಸ್ಥೆ ಈ ವಿಷಯದಲ್ಲಿ ನ್ಯಾಕ್ ಶ್ರೇಣಿಯನ್ನು ಪರಿಗಣಿಸುತ್ತದೆ. ಜರ್ಮನಿಗೆ ಹೋಗುವವರು ಅಲ್ಲಿನ ಅನಾಬಿನ್ ದತ್ತಾಂಶದಲ್ಲಿ ತಮ್ಮ ವಿಶ್ವವಿದ್ಯಾಲಯಕ್ಕೆ ಎಚ್+ ಎಂಬ ಗುರುತು ಇದೆಯೇ ಎಂದು ನೋಡಬೇಕು, ಜೊತೆಗೆ ತಮ್ಮ ಶೈಕ್ಷಣಿಕ ದಾಖಲೆಗಳನ್ನು ದೃಢೀಕರಿಸುವ ಎಪಿಎಸ್ ಪ್ರಮಾಣಪತ್ರ ಪಡೆಯಬೇಕು. ನ್ಯಾಕ್ ಶ್ರೇಣಿಯ ಬಗ್ಗೆ ನಾನು ಮೇಲೆ ಹೇಳಿದ ಮಾತು ಇವರ ಮಟ್ಟಿಗೆ ಸ್ವಲ್ಪ ಬದಲಾಗುತ್ತದೆ. ಇಂಥವರಿಗೆ ಆ ಅಕ್ಷರವೇ ದಾಖಲೆಯಾಗಿ ಬೇಕಾಗಬಹುದು.

ಸಾ‌ಲ ಮತ್ತು ಮೂಲ ದಾಖಲೆಗಳು

ಶೈಕ್ಷಣಿಕ ಸಾಲದ ಅರ್ಜಿ ಹಿಡಿದು ಬ್ಯಾಂಕಿಗೆ ಹೋದಾಗ ಅಧಿಕಾರಿ ಕೇಳುವುದೂ ಈ ಅನುಮೋದನೆಯ ದಾಖಲೆಗಳನ್ನೇ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಎನ್‌ಐಆರ್‌ಎಫ್ ಆಧಾರದ ಮೇಲೆ ಆರಿಸಿದ ಸಂಸ್ಥೆಗಳಿಗೆ ಸೇರುವವರಿಗೆ ಅಡಮಾನವೂ ಜಾಮೀನುದಾರರೂ ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯವರೆಗೆ ಇದ್ದರೆ 10 ಲಕ್ಷ ರೂಪಾಯಿವರೆಗಿನ ಸಾಲದ ಬಡ್ಡಿಯಲ್ಲಿ ಶೇ 3ರಷ್ಟು ರಿಯಾಯಿತಿಯೂ ಉಂಟು. ಎರಡು ಕಾಲೇಜುಗಳ ನಡುವೆ ತೂಗುಯ್ಯಾಲೆಯಲ್ಲಿ ಇರುವವರು ಯಾವ ಕಾಲೇಜು ಆ ಪಟ್ಟಿಯಲ್ಲಿದೆ ಎಂದು ನೋಡಿದರೆ, ಶುಲ್ಕದ ಲೆಕ್ಕವೇ ಬೇರೆಯಾಗಬಹುದು.

ಪ್ರವೇಶಾತಿಯ ದಿನ ಹಣ ಕಟ್ಟುವಾಗ ರಸೀದಿ ಕಾಲೇಜಿನ ಅಥವಾ ವಿಶ್ವವಿದ್ಯಾಲಯದ ಹೆಸರಿನಲ್ಲೇ ಇರಲಿ. ಯಾವುದೋ ಸಲಹಾ ಸಂಸ್ಥೆಯ ಹೆಸರಿನಲ್ಲಿದ್ದರೆ ಅದನ್ನು ಒಪ್ಪಬೇಡಿ. ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ಅಲ್ಲೇ ಹಿಂದಿರುಗಿಸಬೇಕು, ಸಂಸ್ಥೆ ಅವುಗಳನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರ ಅಧಿಸೂಚನೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ನಿಗದಿತ ಅವಧಿಯೊಳಗೆ ಸೀಟು ಬಿಟ್ಟರೆ ಶುಲ್ಕ ಮರಳಿಸಬೇಕೆಂಬ ನಿಯಮವೂ ಅದರಲ್ಲೇ ಇದೆ. ನಂತರದ ಸುತ್ತಿನಲ್ಲಿ ಇನ್ನೂ ಒಳ್ಳೆಯ ಕಾಲೇಜು ಸಿಕ್ಕರೆ ಅಲ್ಲಿಗೆ ಹೋಗಲು ಈ ಎರಡು ನಿಯಮಗಳೇ ಆಧಾರ. ಆದ್ದರಿಂದ ಆ ಅಧಿಸೂಚನೆಯ ಒಂದು ಪ್ರತಿಯನ್ನು ಅಂಕಪಟ್ಟಿಗಳ ಜೊತೆಯಲ್ಲೇ ಇಟ್ಟುಕೊಂಡು ಹೋಗಲು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳಿ ಕಳುಹಿಸುತ್ತೇನೆ.